ಲಾರಿ ತೊಳೆಯೋನು ಮಾತಾಡ್ತಿದಾನೆ

1/11

ಫೋಟೊದಲ್ಲಿರೋ ಕೈ ನಂದೇ. ಫಿಲ್ಟರ್ ಹಾಕಿಲ್ಲ. ಉಗುರಿನ ಸಂದೀಲಿರೋದು ಮೆಹಂದಿ ಅಂದ್ಕೋಬೇಡಿ, ಅದಿರಿನ ಧೂಳು ಮತ್ತೆ ಗ್ರೀಸು. ಮೂರು ಸಲ ಸೋಪು ಹಾಕಿದ್ರೂ ಹೋಗಲ್ಲ. ಸೋಮವಾರ ಕ್ಲಾಸಿಗೆ ಇದೇ ಕೈ ತಗೊಂಡು ಬರ್ತೀನಿ, ನೀವು ನೋಡಿರ್ತೀರ.

ಹೋದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಯಾರೋ ನನ್ನ ಫೋಟೊ ಹಾಕಿದ್ರು. ಹೈವೇ ಪಕ್ಕ, ಕಾಲಿಗೆ ಗಂಬೂಟು, ತಲೆಗೆ ಟವೆಲ್ ಸುತ್ಕೊಂಡು ಟಿಪ್ಪರ್ ತೊಳೀತಿರೋದು. ಕೆಳಗೆ ಬರೆದಿದ್ದು: "ಬಿಕಾಂ ಐದನೇ ಸೆಮ್, ಪ್ಲೇಸ್‌ಮೆಂಟ್ ಆಗಿದೆ." ನಗೋ ಮುಖಗಳನ್ನ ಎಣಿಸಿದೆ, ಮೂವತ್ತೊಂದು. ಜೋಕು ಚೆನ್ನಾಗಿದೆ, ಮೊದಲು ನಾನೂ ನಕ್ಕೆ. ಆಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ. ಆ ಮೂವತ್ತೊಂದು ಜನದಲ್ಲಿ ಕನಿಷ್ಠ ನಾಲ್ಕು ಜನರ ಮನೇಲಿ ಲಾರಿ ಇದೆ, ಅದೂ ನನಗೆ ಗೊತ್ತು. ಅವರ ಮನೆ ಲಾರಿ ನಾನೇ ತೊಳೆದಿದೀನಿ.

ಎರಡು ವರ್ಷದಿಂದ ಚಿತ್ರದುರ್ಗದ ಹತ್ರ ಹೈವೇಲಿ ಒಂದು ವಾಟರ್ ಸರ್ವಿಸ್‌ನಲ್ಲಿ ಶನಿವಾರ ರಾತ್ರಿ, ಭಾನುವಾರ, ರಜೆ ದಿನ ಕೆಲಸ ಮಾಡ್ತೀನಿ. ಯಾವ ಸರ್ವಿಸ್ ಅಂತ ಹೇಳಲ್ಲ, ಕಾಮೆಂಟಲ್ಲೂ ಕೇಳ್ಬೇಡಿ. ಪರೀಕ್ಷೆ ಫೀಸು, ಬಸ್ ಪಾಸು, ಈ ಪೋಸ್ಟ್ ಹಾಕ್ತಿರೋ ಫೋನಿನ ಕಂತು, ಎಲ್ಲ ಅಲ್ಲಿಂದಾನೇ.

ನನ್ನ ಮಾತು ಇಷ್ಟು: ಲಾರಿ ತೊಳೆಯೋದು ಕೆಲಸ ಕಲಿತೋರು ಮಾಡೋ ಕೆಲಸ. ಅದಕ್ಕೆ ನೂರು ಇನ್ನೂರು ಕಮ್ಮಿ ಮಾಡಿಸ್ಕೊಂಡು ಗೆದ್ದೆ ಅಂತ ಹೋಗೋರು ಆ ದುಡ್ಡನ್ನ ಎಲ್ಲಿಂದ ಕಿತ್ಕೊಳ್ತಾರೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ. ಒಂದು ಕ್ಯಾಪ್ಶನ್‌ಗೆ ಹಿಡಿಸಲ್ಲ. ಹನ್ನೊಂದು ಪೋಸ್ಟ್ ಆಗುತ್ತೆ. ಬೋರ್ ಆದೋರು ಮ್ಯೂಟ್ ಮಾಡ್ಕೊಳ್ಳಿ ಗುರು, ಬೇಜಾರಿಲ್ಲ.

2/11

ಫೋಟೊ: ತೊಳೆಯೋಕೆ ಮುಂಚೆ ಒಂದು ಟಿಪ್ಪರ್. ಬಣ್ಣ ಯಾವುದು ಹೇಳಿ ನೋಡೋಣ. ಕೆಂಪು ಅಂತೀರ. ಅದು ಬಿಳಿ ಗಾಡಿ.

ಚಿತ್ರದುರ್ಗ ಅಂದ್ರೆ ಎರಡು ಹೈವೇ ಸೇರೋ ಜಾಗ. ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ ಕಡೆಯ 48, ಹೊಸಪೇಟೆ, ಸೊಲ್ಲಾಪುರ ಕಡೆಯ 50. (ಹಳೇ ಡ್ರೈವರ್‌ಗಳು ಇವತ್ತಿಗೂ ನಾಲ್ಕು, ಹದಿಮೂರು ಅಂತಾನೇ ಅನ್ನೋದು.) ಹಂಗಾಗಿ ನಮ್ಮ ರ‍್ಯಾಂಪಿಗೆ ಎಲ್ಲ ಥರದ ಗಾಡಿ ಬರುತ್ತೆ. ಅದಿರಿನ ಟಿಪ್ಪರ್, ಈರುಳ್ಳಿ ಲಾರಿ, ಸಿಮೆಂಟ್ ಬಲ್ಕರ್, ಟ್ರೇಲರ್, ಟ್ಯಾಂಕರ್.

ಪೈಪ್ ಹಿಡಿದು ನೀರು ಬಿಟ್ರೆ ಆಯ್ತು ಅಂದ್ಕೊಂಡೋರು ಒಂದು ಭಾನುವಾರ ಬನ್ನಿ. ಮೊದಲು ನೀರೇ ಇಲ್ಲ. ಮಡ್‌ಗಾರ್ಡ್ ಒಳಗೆ, ಚಾಸಿ ಮೂಲೇಲಿ ಗಟ್ಟಿಯಾಗಿ ಕೂತಿರೋ ಮಣ್ಣನ್ನ ಕಬ್ಬಿಣದ ಪಟ್ಟಿಯಿಂದ ಕೆರೆದು ಬೀಳಿಸ್ಬೇಕು. ಒಂದು ಗಾಡಿಯಿಂದ ಎರಡು ಪುಟ್ಟಿ ಮಣ್ಣು ಬಿದ್ದಿದ್ದು ಇದೆ. ಆಮೇಲೆ ಕೆಳಗಿಂದ ಶುರು. ಅಡಿಯಲ್ಲಿ ಮಲಗಿ, ಕೂತು, ಬಗ್ಗಿ. ಮುಖದ ಮೇಲೇ ವಾಪಸ್ ಬರುತ್ತೆ ಎಲ್ಲ. ಗ್ರೀಸ್ ಬಿಡಿಸೋ ಕೆಮಿಕಲ್ ಹೊಡೆದು, ಅದು ಒಣಗೋ ಮುಂಚೆ ತೊಳೀಬೇಕು, ಒಣಗಿದ್ರೆ ಕಲೆ ನಿಲ್ಲುತ್ತೆ. ಕ್ಯಾಬಿನ್, ಬಾಡಿಗೆ ಸೋಪು, ಬ್ರಷ್ಷು ಆಮೇಲೆ.

ಗನ್ ಎಲ್ಲಿ ಹಿಡೀಬಾರ್ದು ಅನ್ನೋದು ಇನ್ನೂ ದೊಡ್ಡ ವಿದ್ಯೆ. ರೇಡಿಯೇಟರ್‌ಗೆ ಹತ್ತಿರದಿಂದ ಹೊಡೆದ್ರೆ ಅದರ ತೆಳು ರೆಕ್ಕೆಗಳು ಬಗ್ಗಿ ಗಾಳಿ ಹೋಗಲ್ಲ, ಇಂಜಿನ್ ಕಾಯುತ್ತೆ. ಆಲ್ಟರ್ನೇಟರ್, ಏರ್ ಫಿಲ್ಟರ್ ಬಾಯಿ, ವೈರಿಂಗ್ ಕನೆಕ್ಟರ್, ಇವಕ್ಕೆ ನೇರ ನೀರು ಬೀಳ್ಬಾರ್ದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳಲ್ಲಂತೂ ಸೈಲೆನ್ಸರ್ ತನಕ ಸೆನ್ಸರ್. ಒಂದು ಕನೆಕ್ಟರ್‌ಗೆ ನೀರು ಹೊಕ್ಕರೆ ಡ್ಯಾಶ್‌ಬೋರ್ಡಲ್ಲಿ ದೀಪ ಉರಿಯುತ್ತೆ, ಗಾಡಿ ಶೋರೂಮಿಗೆ ಹೋಗುತ್ತೆ, ಓನರ್ ನಮ್ಮ ಹತ್ರ ಬರ್ತಾನೆ.

ಅಕ್ಷರ ಮುಗೀತು. ಉಳಿದಿದ್ದು ಮುಂದೆ.

3/11

ಕೊನೇಲಿ ಗ್ರೀಸಿಂಗ್. ನೀರಿನ ಒತ್ತಡಕ್ಕೆ ಜಾಯಿಂಟುಗಳಲ್ಲಿದ್ದ ಗ್ರೀಸು ಹೊರಟು ಹೋಗಿರುತ್ತೆ, ಅದರ ಜಾಗದಲ್ಲಿ ನೀರು ಕೂತಿರುತ್ತೆ. ಪಾಟಾ ಪಿನ್ನು, ಕಿಂಗ್ ಪಿನ್ನು, ಪ್ರೊಪೆಲರ್ ಶಾಫ್ಟಿನ ಕ್ರಾಸು, ಪ್ರತಿ ನಿಪ್ಪಲ್‌ಗೂ ಗನ್ ಇಟ್ಟು ಹೊಸ ಗ್ರೀಸು ಆಚೆ ಬರೋ ತನಕ ಒತ್ತಬೇಕು. ಒಂದು ನಿಪ್ಪಲ್ ಬಿಟ್ರೂ ಅವತ್ತು ಯಾರಿಗೂ ಗೊತ್ತಾಗಲ್ಲ. ಎರಡು ತಿಂಗಳಾದ್ಮೇಲೆ ಕೀರ್ ಅಂತ ಶಬ್ದ ಬರುತ್ತೆ. ಗಾಡಿ ಇಳಿಸೋವಾಗ ಡ್ರೈವರ್‌ಗೆ "ಅಣ್ಣಾ, ಲೈನರ್ ಒದ್ದೆ ಇದೆ, ಎರಡು ಮೂರು ಸಲ ಬ್ರೇಕ್ ಒತ್ತಿ ನೋಡ್ಕೊಂಡು ಹೋಗಿ" ಅಂತ ಹೇಳೋದೂ ನಮ್ಮ ಕೆಲಸದ ಭಾಗವೇ.

(ಚಾಸಿಗೆ ಡೀಸೆಲ್ ಸ್ಪ್ರೇ ಮಾಡೋದು ಎಲ್ಲ ಕಡೆ ನಡೆಯುತ್ತೆ, ಹೊಳಪು ಬರುತ್ತೆ ಅಂತ ಓನರ್‌ಗಳೇ ಕೇಳ್ತಾರೆ. ನನಗೆ ಒಪ್ಪಿಗೆ ಇಲ್ಲ. ರಬ್ಬರ್ ಬುಷ್ ಹಾಳಾಗುತ್ತೆ, ಬ್ರೇಕ್ ಲೈನರ್‌ಗೆ ಬಿದ್ರೆ ಹಿಡಿತ ಹೋಗುತ್ತೆ. ಹೇಳಿದ್ರೆ "ನೀನು ಕಾಮರ್ಸೋ ಆಟೊಮೊಬೈಲೋ" ಅಂತಾರೆ.)

ಇದನ್ನೆಲ್ಲ ಯಾಕೆ ಹೇಳ್ದೆ? ನಮ್ಮ ಕ್ಲಾಸಿನ ಇಬ್ರು ಬೆಂಗಳೂರಿನ ಕಾರ್ ಡಿಟೇಲಿಂಗ್ ಸ್ಟುಡಿಯೋ ರೀಲ್ಸ್ ದಿನಾ ಶೇರ್ ಮಾಡ್ತಾರೆ. ನೀಲಿ ಲೈಟು, ಕಪ್ಪು ಗ್ಲೌಸು, ನಿಧಾನಕ್ಕೆ ಇಳಿಯೋ ನೊರೆ. ಕೆಳಗೆ ಹೃದಯಗಳು. ಅಲ್ಲಿ ಹುಡುಗ ಮಾಡ್ತಿರೋದೂ ತೊಳೆಯೋದೇ. ಕಾರಿಗೆ ನೊರೆ ಹಾಕಿದ್ರೆ ಆರ್ಟು, ಲಾರಿಗೆ ನೊರೆ ಹಾಕಿದ್ರೆ ಜೋಕು. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ, ಅವನ ಬೆನ್ನೂ ನನ್ನ ಬೆನ್ನಷ್ಟೇ ನೋಯುತ್ತೆ ಅಂತ ನನಗೆ ಗೊತ್ತು. ನಗೋರ ತಕ್ಕಡಿ ಮೇಲೆ ಕೋಪ.

4/11

ಈಗ ಲೆಕ್ಕ. ಫೋಟೊ: ನನ್ನ ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್ಕಿನ ಕೊನೇ ಪುಟ. ಮೇಡಂ ನೋಡಿದ್ರೆ ಮಾರ್ಕ್ಸ್ ಕೊಡ್ತಿದ್ರು.

ಹತ್ತು ಚಕ್ರದ ಟಿಪ್ಪರ್, ಪೂರ್ತಿ ತೊಳೆದು ಗ್ರೀಸಿಂಗ್ ಮಾಡಿದ್ರೆ ನಮ್ಮಲ್ಲಿ 800 ರೂಪಾಯಿ. ಖರ್ಚು: ಸೋಪು 70, ಕೆಮಿಕಲ್ 80, ಗ್ರೀಸು 100, ಕರೆಂಟು 50, ಪಂಪಿನ ಸೀಲು, ನಾಝಲ್ಲು, ಪೈಪು ಸವೆಯೋದಕ್ಕೆ 40, ಜಾಗದ ಬಾಡಿಗೆ ಪಾಲು 100. ಒಟ್ಟು 440. ಇಬ್ಬರು ಹುಡುಗರಿಗೆ ತಲಾ 120ರಂತೆ 240. ಸೇರಿಸಿದ್ರೆ 680. ಯಜಮಾನ್ರಿಗೆ ಉಳಿಯೋದು 120. ಇದು ನಾನು ಯಜಮಾನ್ರ ಹತ್ರ ಒಂದೊಂದೇ ಕೇಳಿ, ಬಿಲ್ ನೋಡಿ, ಗಾಡಿ ಎಣಿಸಿ ಹಾಕಿದ ಲೆಕ್ಕ. ಬೇರೆ ಸರ್ವಿಸ್‌ನಲ್ಲಿ ಬೇರೆ ಇರಬಹುದು.

ಒಂದು ಗಾಡಿಗೆ ಒಂದೂವರೆ ತಾಸು ಹಿಡಿಯುತ್ತೆ. ಅಂದ್ರೆ ನನಗೆ ತಾಸಿಗೆ 80.

ಈಗ ಓನರ್ ಬರ್ತಾನೆ. "ಏ, ಆರುನೂರು ತಗೊಳ್ರಪ್ಪ, ದಿನಾ ಬರೋ ಗಾಡಿ." ದಿನಾ ಬರಲ್ಲ, ಎರಡು ತಿಂಗಳಿಗೊಮ್ಮೆ ಬರುತ್ತೆ, ಅದಿರಲಿ. ಯಜಮಾನ್ರು ಒಪ್ತಾರೆ, ಯಾಕಂದ್ರೆ ಅರ್ಧ ಕಿಲೋಮೀಟರ್ ಮುಂದೆ ಇನ್ನೊಂದು ಸರ್ವಿಸ್ ಇದೆ. ಆ 200 ಎಲ್ಲಿಂದ ಹೋಯ್ತು? ಕರೆಂಟಿನೋರು ಬಿಡಲ್ಲ. ಬಾಡಿಗೆಯೋರು ಬಿಡಲ್ಲ. ಯಜಮಾನ್ರು ತಮ್ಮ 120ರಲ್ಲಿ 30 ಬಿಟ್ರು, 90 ಇಟ್ಕೊಂಡ್ರು. ಗ್ರೀಸು ಅರ್ಧ ಆಯ್ತು, 50 ಉಳೀತು. ಕೆಮಿಕಲ್ ಅರ್ಧ ಆಯ್ತು, 40 ಉಳೀತು. ಹುಡುಗರ 120, 80 ಆಯ್ತು, ಇಬ್ಬರದೂ ಸೇರಿ 80. ಕೂಡಿ ನೋಡಿ: 30, 50, 40, 80. ಸರಿಯಾಗಿ 200.

ಗೆದ್ದೆ ಅಂತ ಹೋದ ಓನರ್ ತನ್ನ ಗಾಡಿ ಗ್ರೀಸನ್ನೇ 90 ರೂಪಾಯಿಯಷ್ಟು ಕೆಮಿಕಲ್ ಸಮೇತ ಕಳ್ಕೊಂಡ. ಉಳಿದಿದ್ರಲ್ಲಿ ದೊಡ್ಡ ಪಾಲು ನಮ್ಮಿಬ್ಬರ ಜೇಬಿಂದ. ತಾಸಿಗೆ 80 ಇದ್ದಿದ್ದು 53 ಆಯ್ತು. ಅದೇ ಓನರ್ ಮುಂದಿನ ಡಾಬಾದಲ್ಲಿ ಬಿಲ್ ಬಂದಾಗ ಚೌಕಾಸಿ ಮಾಡ್ತಾನಾ? ಟೋಲ್‌ನಲ್ಲಿ "ಏ, ಸ್ವಲ್ಪ ನೋಡ್ಕೊಂಡು ತಗೊಳ್ರಪ್ಪ" ಅಂತಾನಾ?

5/11

ಒಬ್ಬ ಸೀನಿಯರ್ ಡಿಎಂ ಮಾಡಿದ್ರು: "ಓನರ್‌ಗಳದೂ ಕಷ್ಟ ಇದೆ, ಡೀಸೆಲ್, ಟೈರು, ಇನ್ಶೂರೆನ್ಸು, ಕಂತು." ನಿಜ ಅಣ್ಣಾ. ಒಂದೇ ಲಾರಿ ಇಟ್ಕೊಂಡು ತಾನೇ ಓಡಿಸೋನು ಚೌಕಾಸಿ ಮಾಡಿದ್ರೆ ನನಗೆ ಸಿಟ್ಟು ಬರಲ್ಲ. ಅಂಥೋರು ಎಷ್ಟೋ ಸಲ ತಾವೇ ಬ್ರಷ್ ಹಿಡಿದು ನಮ್ಮ ಜೊತೆ ನಿಲ್ತಾರೆ, ಹೋಗೋವಾಗ ಟೀಗೆ ಅಂತ ಇಪ್ಪತ್ತು ಕೊಡ್ತಾರೆ. ನನ್ನ ಜಗಳ ಎಂಟು ಹತ್ತು ಗಾಡಿ ಇಟ್ಕೊಂಡು ಫೋನಲ್ಲೇ ರೇಟ್ ಮುರಿಯೋರ ಜೊತೆ.

ಇನ್ನೊಂದು ವಿಷ್ಯ, ಇದು ಇನ್‌ಕಮ್ ಟ್ಯಾಕ್ಸ್ ಕ್ಲಾಸಲ್ಲಿ ನನಗೆ ಹೊಳೆದಿದ್ದು. ಹಳೇ ಟ್ಯಾಕ್ಸ್ ಆಕ್ಟಿನ 44ಎಇ ನೆನಪಿದೆಯಾ? ಹತ್ತಕ್ಕಿಂತ ಹೆಚ್ಚು ಗೂಡ್ಸ್ ಗಾಡಿ ಇಲ್ಲದೋರು ಲೆಕ್ಕಪತ್ರ ಇಡೋ ಗೋಜಿಲ್ಲದೆ ಅಂದಾಜು ಆದಾಯ ತೋರಿಸಬಹುದು. 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ 1,000, ಚಿಕ್ಕದಕ್ಕೆ ಗಾಡಿಗೆ 7,500. ಎಲ್ಲ ಖರ್ಚೂ ಅದರಲ್ಲೇ ಕಳೆದಂಗೆ. ನಾವೆಲ್ಲ ಪ್ರಾಬ್ಲಂ ಬಿಡಿಸಿದ್ವಿ, ಆರು ಮಾರ್ಕ್ಸು ಅಂತ ಖುಷಿಪಟ್ವಿ.

ಆ ಸೆಕ್ಷನ್ ರ‍್ಯಾಂಪಿನ ಮೇಲೆ ಹೆಂಗೆ ಕಾಣುತ್ತೆ ಗೊತ್ತಾ? ಓನರ್‌ಗೆ ನಮ್ಮ 800ರ ಬಿಲ್ ಇದ್ರೂ ಒಂದೇ, ಇಲ್ದಿದ್ರೂ ಒಂದೇ. ಅದಕ್ಕೆ ಕೇಳಲ್ಲ. ಕೇಳಲ್ಲ ಅಂತ ಯಜಮಾನ್ರು ಬಿಲ್ ಬುಕ್ಕೇ ಇಟ್ಟಿಲ್ಲ. ಬಿಲ್ ಇಲ್ಲ ಅಂದ್ಮೇಲೆ ಇವತ್ತು ಎಷ್ಟು ಗಾಡಿ ತೊಳೆದ್ವಿ ಅನ್ನೋದಕ್ಕೆ ದಾಖಲೆ ಇಲ್ಲ. ವಾರದ ಕೊನೇಲಿ "ಹನ್ನೊಂದು" ಅಂತ ನಾವು, "ಒಂಬತ್ತು" ಅಂತ ಅವರು. ಇಬ್ಬರೂ ಸುಳ್ಳು ಹೇಳ್ತಿರಲ್ಲ, ಇಬ್ಬರಿಗೂ ನೆನಪಿರಲ್ಲ ಅಷ್ಟೆ. ಆದ್ರೆ ಒಂಬತ್ತಕ್ಕೇ ದುಡ್ಡು ಬರೋದು.

ಈಗ ನಾನು ಪ್ರತಿ ಗಾಡಿ ನಂಬರ್ ಪ್ಲೇಟ್ ಫೋಟೊ ತೆಗೆದು ಇಟ್ಕೊಳ್ತೀನಿ. ಮೂರು ವಾರದಿಂದ ತಕರಾರಿಲ್ಲ. ಬಿಕಾಂ ಓದಿದ್ದು ಏನಕ್ಕೆ ಉಪಯೋಗ ಅಂತ ಕೇಳಿದ್ರಲ್ಲ, ಇದಕ್ಕೆ.

6/11

ಫೋಟೊ ಎರಡಿದೆ, ಸ್ವೈಪ್ ಮಾಡಿ. ಒಂದೇ ಲಾರಿಯ ಹಿಂಭಾಗ, ಒಂದೇ ಮೊಬೈಲ್ ಟಾರ್ಚು. ಮೊದಲನೇದ್ರಲ್ಲಿ ಕತ್ತಲೆ ಬಿಟ್ರೆ ಏನೂ ಇಲ್ಲ. ಎರಡನೇದ್ರಲ್ಲಿ ಕೆಂಪು ಪಟ್ಟಿ ಬೆಂಕಿ ಥರ ಉರೀತಿದೆ. ನಡುವೆ ಆಗಿದ್ದು ಬರೀ ಒಂದು ಬಕೆಟ್ ಸೋಪು ನೀರು.

ದೊಡ್ಡ ಗಾಡಿಗಳಿಗೆ ರಿಫ್ಲೆಕ್ಟರ್ ಟೇಪ್ ಕಡ್ಡಾಯ. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ಎಫ್‌ಸಿಗೆ ಹೋಗೋ ಹಿಂದಿನ ದಿನ ಎಲ್ಲರೂ ಗಾಡಿ ತೊಳೆಸ್ತಾರೆ, ಹೊಸ ಟೇಪ್ ಅಂಟಿಸ್ತಾರೆ. ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ವರ್ಷಕ್ಕೊಮ್ಮೆ. ಅಂದ್ರೆ ಆ ಒಂದು ದಿನ ಗಾಡಿ ಲಕಲಕ. ಉಳಿದ ದಿನ? ಅದಿರಿನ ಧೂಳಿಗೆ ಮಳೆ ಬಿದ್ದು ಟೇಪಿನ ಮೇಲೆ ಗಾರೆ ಮಾಡಿದಂಗೆ ಕೂತಿರುತ್ತೆ. ಟೇಲ್ ಲ್ಯಾಂಪಿನ ಮೇಲೂ ಅದೇ.

ಆ ಗಾಡಿ ರಾತ್ರಿ ಎರಡು ಗಂಟೆಗೆ ಟೈರ್ ಸಿಡಿದು ರಸ್ತೆ ಪಕ್ಕ ನಿಂತ್ಕೊಳ್ಳುತ್ತೆ ಅಂದ್ಕೊಳ್ಳಿ. ಹಿಂದೆ ಬರೋ ಕಾರಿನ ಲೈಟು ಅದರ ಮೇಲೆ ಬೀಳುತ್ತೆ, ವಾಪಸ್ ಬರಲ್ಲ. ಮುಂದಿಂದು ಹೇಳೋದು ಬೇಡ. ನಿಂತ ಲಾರಿಗೆ ಹಿಂದಿಂದ ಗುದ್ದಿದ ಸುದ್ದಿ ಈ ರೋಡಲ್ಲಿ ಎಷ್ಟು ಸಲ ಓದಿದೀರಿ ನೀವೇ ನೆನಪು ಮಾಡ್ಕೊಳ್ಳಿ. ನಮ್ಮ ಕ್ಲಾಸಿನೋರೇ ಎಷ್ಟೋ ಜನ ರಾತ್ರಿ ಬೈಕಲ್ಲಿ ಇದೇ ರೋಡಲ್ಲಿ ಹೋಗ್ತೀರಿ.

ಲಾರಿ ತೊಳೆಯೋದನ್ನ ಅಲಂಕಾರ ಅಂತ ಅಂದ್ಕೊಂಡಿರೋದೇ ತಪ್ಪು. ಧೂಳು ಹೋದ್ರೇನೇ ಚಾಸಿ ಬಿರುಕು ಕಾಣೋದು, ಎಣ್ಣೆ ಸೋರೋದು ಕಾಣೋದು, ಟೈರಿನ ಒಳಮೈ ಸೀಳು ಕಾಣೋದು. ಹೋದ ತಿಂಗಳು ಪಾಟಾದ ಒಂದು ಎಲೆ ಮುರಿದಿದ್ದನ್ನ ನಾನೇ ತೋರಿಸ್ದೆ. ಡ್ರೈವರ್ ಅಣ್ಣ ಎರಡು ದಿನದಿಂದ ಅದರ ಮೇಲೇ ಲೋಡ್ ಹೊಡೀತಿದ್ರಂತೆ.

7/11

ಇದಕ್ಕೆ ಫೋಟೊ ಇಲ್ಲ. ಕಪ್ಪು ಚೌಕ ಹಾಕಿದೀನಿ.

ಆಗಸ್ಟಲ್ಲಿ ಒಂದು ಶನಿವಾರ ರಾತ್ರಿ, ಹನ್ನೊಂದು ಆಗಿತ್ತು. ಕಾಕಂಬಿ ಟ್ಯಾಂಕರ್ ಬಂತು. ಕಾಕಂಬಿ ಅಂದ್ರೆ ಸಕ್ಕರೆ ಫ್ಯಾಕ್ಟರೀಲಿ ಉಳಿಯೋ ಕಪ್ಪು ಪಾಕ. ಹೊರಗೆ ತೊಳೆದ್ವಿ. ಡ್ರೈವರ್ ಅಂದ್ರು, ತಳದಲ್ಲಿ ಗಟ್ಟಿ ಕೂತಿದೆ, ಒಬ್ಬ ಹುಡುಗ ಒಳಗಿಳಿದು ಕೆರೆದು ಕೊಡ್ಲಿ, ಐನೂರು ಬೇರೆ ಕೊಡ್ತೀನಿ. ಸಣ್ಣ ಮೈಯೋನು ಬೇಕು, ಮ್ಯಾನ್‌ಹೋಲು ಚಿಕ್ಕದು. ಎಲ್ಲರೂ ನನ್ನ ಕಡೆ ನೋಡಿದ್ರು. ಅಲ್ಲಿ ಸಣ್ಣಗಿರೋದು ನಾನೇ.

ಮೇಲೆ ಹತ್ತಿ ಮುಚ್ಚಳದ ಹತ್ರ ಬಗ್ಗಿದೆ. ಹುಳಿ ವಾಸನೆ, ಹೆಂಡದಂಗೆ. ಟಾರ್ಚ್ ಬಿಟ್ಟೆ, ತಳದಲ್ಲಿ ಸಣ್ಣ ಸಣ್ಣ ಗುಳ್ಳೆ. ಆಗ ನೆನಪಾಗಿದ್ದು ನಮ್ಮಜ್ಜಿ.

ನಮ್ಮೂರಲ್ಲಿ ಹಿಂದೆ ಜೋಳ ಹಗೇವಲ್ಲಿ ಇಡ್ತಿದ್ರು, ನೆಲದೊಳಗಿನ ಕಣಜ. ಅಜ್ಜಿ ಹೇಳೋದು: ಹಗೇವಿನ ಬಾಯಿ ತೆಗೆದ ದಿನ ಯಾರೂ ಇಳೀಬಾರ್ದು. ಗಾಳಿಯಾಡೋಕೆ ಬಿಡಬೇಕು. ಆಮೇಲೆ ದೀಪ ಇಳಿಸಿ ನೋಡೋದು. ದೀಪ ಆರಿದ್ರೆ ಆಳು ಇಳಿಯಂಗಿಲ್ಲ. ಓದು ಬರಹ ಬಾರದ ಅಜ್ಜಿಗೆ ಗೊತ್ತಿದ್ದ ಮಾತು ಇದು. ಕಾಕಂಬಿ ಹುಳಿಯಾದಾಗ ಬರೋದೂ ಅದೇ ಗಾಳಿ, ಇಂಗಾಲದ ಡೈ ಆಕ್ಸೈಡು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಾಮೂಲಿ ಗಾಳಿಗಿಂತ ಭಾರ. ತಳದಲ್ಲೇ ಕೂತಿರುತ್ತೆ. ಮ್ಯಾನ್‌ಹೋಲಿನ ಹತ್ರ ಉಸಿರಾಡಿ ಏನೂ ಆಗ್ಲಿಲ್ಲ ಅಂತ ಇಳಿದೋನು ಕೆಳಗೆ ಬಗ್ಗಿದ ಕೂಡ್ಲೇ ಕುಸೀತಾನೆ. ಅವನನ್ನ ಎತ್ತೋಕೆ ಅಂತ ಎರಡನೇನು ಇಳೀತಾನೆ.

(ದಯವಿಟ್ಟು ಯಾರೂ ಟ್ಯಾಂಕರ್‌ಗೆ ದೀಪ ಇಳಿಸಿ ನೋಡೋಕೆ ಹೋಗ್ಬೇಡಿ. ಕಾಕಂಬಿ ಹುಳಿಯಾದ್ರೆ ಸ್ಪಿರಿಟ್ಟೂ ಆಗುತ್ತೆ. ಪೆಟ್ರೋಲ್ ಟ್ಯಾಂಕರಂತೂ ಖಾಲಿ ಇದ್ದಾಗಲೇ ಜಾಸ್ತಿ ಅಪಾಯ, ಒಳಗೆಲ್ಲ ಆವಿ.)

ನಾನು ಕೆಳಗಿಳಿದು ಬಂದು "ಆಗಲ್ಲಣ್ಣ" ಅಂದೆ.

8/11

ಯಜಮಾನ್ರು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ಓದಿರೋರನ್ನ ಇಟ್ಕೊಂಡ್ರೆ ಇದೇ ಕಥೆ" ಅಂತ ಯಾರಿಗೋ ಹೇಳಿದಂಗೆ ಹೇಳಿದ್ರು. ನಮ್ಮ ಜೊತೆ ಒಬ್ಬರು ಹಿರಿಯರಿದಾರೆ, ಎಲ್ಲರೂ ಅವರನ್ನ ಮಾವ ಅಂತೀವಿ. ಇಪ್ಪತ್ತು ವರ್ಷದಿಂದ ಗಾಡಿ ತೊಳೀತಿದಾರೆ. ಅವರೂ ಬ್ರಷ್ ಕೆಳಗಿಟ್ಟು "ಹುಡುಗ ಸರಿಯಾಗೇ ಹೇಳ್ತಿದಾನೆ, ನಾನೂ ಇಳಿಯಲ್ಲ" ಅಂದ್ರು. ಅವರು ಆ ಮಾತು ಹೇಳ್ದೇ ಇದ್ದಿದ್ರೆ ನಾನು ಗಟ್ಟಿಯಾಗಿ ನಿಲ್ತಿದ್ನಾ ಅಂತ ಇವತ್ತಿಗೂ ಗೊತ್ತಿಲ್ಲ.

ಟ್ಯಾಂಕರ್ ಹೊರಟು ಹೋಯ್ತು. ಮುಂದಿನ ಎರಡು ವಾರ ನನ್ನನ್ನ ಕೆಲಸಕ್ಕೆ ಕರೀಲಿಲ್ಲ. ಪರೀಕ್ಷೆ ಫೀಸ್ ಕಟ್ಟೋ ಕೊನೇ ದಿನ ಹತ್ರ ಇತ್ತು, ಅಕ್ಕನ ಹತ್ರ ಇಸ್ಕೊಂಡೆ. ಅಮ್ಮನಿಗೆ ಹೇಳ್ಲಿಲ್ಲ, ಈ ಪೋಸ್ಟ್ ಓದಿದ್ರೆ ಗೊತ್ತಾಗುತ್ತೆ.

ನನಗೆ ಕಾಡೋದು ಆ ಎರಡು ವಾರದ ಕೂಲಿ ಅಲ್ಲ. ಆ ಟ್ಯಾಂಕರ್ ಮುಂದೆ ಎಲ್ಲೋ ನಿಂತಿರುತ್ತೆ. ತೊಳೀದೆ ಲೋಡ್ ಆಗಲ್ಲ. ಅಲ್ಲಿ ಒಬ್ಬ ಸಣ್ಣ ಮೈಯೋನು ಇರ್ತಾನೆ. ಅವನಿಗೆ ಐನೂರು ಬೇಕಿರುತ್ತೆ. ಅವನಜ್ಜಿ ಅವನಿಗೆ ಹಗೇವಿನ ಕಥೆ ಹೇಳಿರ್ತಾರೋ ಇಲ್ವೋ.

ಈಗ ನಾಲ್ಕನೇ ಪೋಸ್ಟಿನ ಲೆಕ್ಕಕ್ಕೆ ವಾಪಸ್ ಬನ್ನಿ. ಯಜಮಾನ್ರು ಕೆಟ್ಟೋರಲ್ಲ. ಗಾಡಿಗೆ ತೊಂಬತ್ತು ರೂಪಾಯಿ ಉಳಿಯೋ ಮನುಷ್ಯ ಗ್ಯಾಸ್ ಅಳೆಯೋ ಮಿಷನ್ನು, ಬ್ಲೋವರ್, ಬೆಲ್ಟು, ಹಗ್ಗ ಎಲ್ಲಿಂದ ತರ್ತಾರೆ? ತರೋಕಾಗಲ್ಲ ಅಂದ್ರೆ ಆ ಕೆಲಸ ಒಪ್ಕೋಬಾರ್ದು, ಅದನ್ನ ಬಿಡಲ್ಲ ನಾನು. ಆದ್ರೆ ಫೋನಲ್ಲೇ ಇನ್ನೂರು ಮುರಿದ ಓನರ್‌ಗೂ ಆ ಮ್ಯಾನ್‌ಹೋಲಿಗೂ ಸಂಬಂಧ ಇದೆ, ಅವನಿಗೆ ಕಾಣಲ್ಲ ಅಷ್ಟೆ. ರೇಟಿಂದ ಬಿಟ್ಟುಹೋದ ಪ್ರತಿ ರೂಪಾಯಿ ಯಾರದೋ ಮೈಮೇಲೆ ಬರುತ್ತೆ. ಗ್ಲೌಸ್ ಇಲ್ಲದ ಕೈ ಮೇಲೆ. ಬಲ್ಕರಿಗೆ ಅಂಟಿದ ಸಿಮೆಂಟ್ ಬಿಡಿಸೋಕೆ ಆಸಿಡ್ ಹಾಕುವಾಗ ಕನ್ನಡಕ ಇಲ್ಲದ ಕಣ್ಣಿನ ಮೇಲೆ. ಪ್ರೆಶರ್ ಗನ್ನಿನ ನೀರು ಚರ್ಮ ಸೀಳಿ ಒಳಗೆ ಹೋಗುತ್ತೆ, ಮೇಲೆ ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಎಷ್ಟೋ. ಅಂಥದಾದ್ರೆ ನೋವಿಲ್ಲ ಅಂತ ಅರಿಶಿನ ಹಚ್ಕೊಂಡು ಕೂರಬೇಡಿ, ಆಸ್ಪತ್ರೆಗೆ ಓಡಿ.

9/11

"ಲಾರಿ ತೊಳೆಯೋದೂ ಒಂದು ಇಂಡಸ್ಟ್ರಿಯಾ?" ಅಂತ ಕಾಮೆಂಟ್. ಕೇಳಿದ್ದು ಒಳ್ಳೇದಾಯ್ತು.

2025ರ ನವೆಂಬರ್ ತನಕ ಜಾರಿಯಲ್ಲಿದ್ದ 1948ರ ಫ್ಯಾಕ್ಟರೀಸ್ ಆಕ್ಟ್ ತೆಗೀರಿ. ಉತ್ಪಾದನಾ ಪ್ರಕ್ರಿಯೆ ಅಂದ್ರೆ ಏನು ಅನ್ನೋ ಪಟ್ಟೀಲಿ ತಯಾರಿಸೋದು, ರಿಪೇರಿ ಮಾಡೋದ್ರ ಜೊತೆಗೆ ತೊಳೆಯೋದು, ಶುಚಿ ಮಾಡೋದು, ಎಣ್ಣೆ ಹಾಕೋದು ಅಂತಾನೂ ಇತ್ತು. ಅದೇ ಆಕ್ಟಿನ 36ನೇ ಸೆಕ್ಷನ್ ನಮ್ಮ ಕಾಕಂಬಿ ಟ್ಯಾಂಕರ್ ನೋಡ್ಕೊಂಡೇ ಬರೆದಂಗಿತ್ತು. ಅಪಾಯದ ಗಾಳಿ ಇರಬಹುದಾದ ಟ್ಯಾಂಕಿಗೆ ಯಾರನ್ನೂ ಇಳಿಸಂಗಿರ್ಲಿಲ್ಲ. ಇಳಿಸಬೇಕಂದ್ರೆ ಮೊದಲು ಆ ಗಾಳಿ ತೆಗೀಬೇಕಿತ್ತು, ಗೊತ್ತಿರೋರು ಪರೀಕ್ಷೆ ಮಾಡಿ ಬರೆದು ಕೊಡಬೇಕಿತ್ತು. ಇಲ್ಲಾಂದ್ರೆ ಉಸಿರಾಟದ ಉಪಕರಣ, ಸೊಂಟಕ್ಕೆ ಬೆಲ್ಟು, ಬೆಲ್ಟಿಗೆ ಹಗ್ಗ, ಹಗ್ಗದ ಇನ್ನೊಂದು ತುದಿ ಹೊರಗೆ ನಿಂತೋನ ಕೈಲಿ.

ಎಷ್ಟು ಚೆನ್ನಾಗಿತ್ತು ಅಲ್ವಾ? ಆದ್ರೆ ಆ ಆಕ್ಟಲ್ಲಿ ಕರೆಂಟು ಬಳಸೋ ಜಾಗದಲ್ಲಿ ಹತ್ತು ಜನ ಇದ್ರೇನೇ ಅದು ಫ್ಯಾಕ್ಟರಿ ಆಗ್ತಿತ್ತು. ನಾವಿರೋದು ಐದು ಜನ. ಐದೇ ಜನ ಇದಾರೆ ಪಾಪ ಅಂತ ಗ್ಯಾಸ್ ಸುಮ್ನಿರುತ್ತಾ?

2025ರ ನವೆಂಬರ್ ತನಕ ಇದ್ದ 1961ರ ಮೋಟಾರ್ ಟ್ರಾನ್ಸ್‌ಪೋರ್ಟ್ ವರ್ಕರ್ಸ್ ಆಕ್ಟಲ್ಲಿ ಕ್ಲೀನರ್ ಅನ್ನೋ ಹೆಸರು ಇತ್ತು, ಗಾಡಿ ಜೊತೆ ಹೋಗೋ ಕ್ಲೀನರ್. ಕರ್ನಾಟಕದಲ್ಲೇ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಅಂತ ಕಾನೂನು ಬಂದಿದೆ. ಮಾವನನ್ನ ಕರ್ಕೊಂಡು ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿ ವಿಚಾರಿಸ್ಬೇಕು ಅಂತಿದೀನಿ. ಇ-ಶ್ರಮ್ ಕಾರ್ಡ್ ಆಗ್ಲೇ ಮಾಡಿಸಿದೀನಿ, ನನ್ನ ಫೋನಲ್ಲೇ. ಕೆಲಸ ಏನು ಅಂತ ಕೇಳೋ ಜಾಗದಲ್ಲಿ ಮಾವ "ಏನಂತ ಹಾಕ್ತೀಯ?" ಅಂದ್ರು. ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ಹೆಸರೇನು ಅಂತ ಅವರಿಗೇ ಗೊತ್ತಿರ್ಲಿಲ್ಲ.

10/11

ನನ್ನ ವಿರುದ್ಧ ಬಂದ ಮಾತಲ್ಲಿ ನನಗೆ ಉತ್ತರ ಕೊಡೋಕೆ ಕಷ್ಟ ಆಗಿದ್ದು ಒಂದೇ. ಜೂನಿಯರ್ ಹುಡುಗಿ ಕೇಳಿದ್ಲು: "ಅಣ್ಣಾ, ನಮ್ಮೂರಲ್ಲಿ ಎಂಟು ದಿನಕ್ಕೊಮ್ಮೆ ನಲ್ಲೀಲಿ ನೀರು. ನೀವು ಲಾರಿಗೆ ಬೋರ್‌ವೆಲ್ ನೀರು ಸುರೀತೀರಿ."

ಹೌದಮ್ಮ. ಬರದ ಜಿಲ್ಲೇಲಿ ಕೂತು ಇದಕ್ಕೆ ಮುಖ ತೋರ್ಸೋಕೆ ನಾಚಿಕೆ ಆಗುತ್ತೆ. ನಮ್ಮಲ್ಲಿಂದ ಹೋಗೋ ನೀರಲ್ಲಿ ಗ್ರೀಸು, ಡೀಸೆಲ್ಲು, ಸೋಪು ಎಲ್ಲ ಇರುತ್ತೆ, ಅದು ಹಿಂದಿನ ಹಳ್ಳಕ್ಕೆ ಸೇರುತ್ತೆ. ಮಳೆಗಾಲದಲ್ಲಿ ಹಳ್ಳದ ಮೇಲೆ ಕಾಮನಬಿಲ್ಲು ಕಾಣುತ್ತೆ, ನೋಡೋಕೆ ಚೆಂದ, ಕುಡಿಯೋ ದನಕ್ಕಲ್ಲ.

ದಾರಿ ಇಲ್ಲ ಅಂತಲ್ಲ. ಸಾಲಾಗಿ ಮೂರು ತೊಟ್ಟಿ ಕಟ್ಟಿದ್ರೆ ಮೊದಲನೇದ್ರಲ್ಲಿ ಮಣ್ಣು ಕೂರುತ್ತೆ, ಎರಡನೇದ್ರಲ್ಲಿ ಎಣ್ಣೆ ಮೇಲೆ ತೇಲುತ್ತೆ, ಅದನ್ನ ತೆಗೆದು ಮೂರನೇ ತೊಟ್ಟಿಯ ನೀರನ್ನ ಮತ್ತೆ ಚಾಸಿ, ಚಕ್ರದ ಮೊದಲ ಸುತ್ತಿಗೆ ಬಳಸಬಹುದು. ಕ್ಯಾಬಿನ್ನಿಗೆ ಮಾತ್ರ ಹೊಸ ನೀರು. ಮೊದಲೇ ಒಣಗಿದ ಮಣ್ಣು ಕೆರೆದ್ರೆ ನೀರು ಎಷ್ಟೋ ಉಳಿಯುತ್ತೆ, ಆದ್ರೆ ಕೆರೆಯೋಕೆ ಹೊತ್ತು ಬೇಕು, ಹೊತ್ತಿಗೆ ಕೂಲಿ ಬೇಕು. 600ಕ್ಕೆ ತೊಳೀರಿ ಅಂದಾಗ ನಾವು ಕೆರೆಯಲ್ಲ, ನೀರೇ ಬಿಡ್ತೀವಿ. ಚೌಕಾಸಿಯ ಒಂದು ಪಾಲು ನಿಮ್ಮೂರ ನಲ್ಲೀಗೂ ಬಂತು ನೋಡು.

ತೊಟ್ಟಿ ವಿಷ್ಯ ಯಜಮಾನ್ರಿಗೆ ಹೇಳಿದೀನಿ. "ದುಡ್ಡು ನೀನು ಹಾಕ್ತೀಯಾ" ಅಂದ್ರು. ಸದ್ಯಕ್ಕೆ ನಿನ್ನ ಪ್ರಶ್ನೆಗೆ ನನ್ನ ಹತ್ರ ಇರೋ ಉತ್ತರ ಇಷ್ಟೇ, ಸಾಲಲ್ಲ ಅಂತ ಗೊತ್ತು.

11/11

ಫೋಟೊ: ಆಯುಧಪೂಜೆ ಬೆಳಿಗ್ಗೆ. ಬಾಳೆಕಂದು, ಚೆಂಡು ಹೂವು, ಚಕ್ರದ ಕೆಳಗೆ ನಿಂಬೆಹಣ್ಣು, ಒಡೆದ ಬೂದುಗುಂಬಳಕಾಯಿ. ಹಿಂದೆ ಬ್ಲರ್ ಆಗಿ ನಿದ್ದೆಗಣ್ಣಲ್ಲಿ ನಿಂತಿರೋನು ನಾನು.

2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕಿತ್ತು. ಹಿಂದಿನ ಎರಡು ರಾತ್ರಿ ನಮ್ಮ ರ‍್ಯಾಂಪಲ್ಲಿ ಕ್ಯೂ ಹೈವೇ ತನಕ. ನಾವು ಐದು ಜನ ನಿದ್ದೆ ಮಾಡ್ಲಿಲ್ಲ. ಕಾಲಿನ ಬೆರಳಿನ ಸಂದಿ ನೀರಲ್ಲಿ ನೆಂದು ಬಿಳಿಚಿ ಸುಲಿದು ಹೋಯ್ತು. ವರ್ಷದಲ್ಲಿ ಒಂದೇ ದಿನ ಯಾರೂ ಚೌಕಾಸಿ ಮಾಡಲ್ಲ, ಅವತ್ತು ದೇವರ ಕೆಲಸ ಅಲ್ವಾ. ಪೂಜೆ ಆದ್ಮೇಲೆ ಕರೆದು ಸ್ವೀಟ್ ಬಾಕ್ಸು, ಕಡ್ಲೆಪುರಿ ಕೊಟ್ರು. ಕಡ್ಲೆಪುರಿ ನನಗೆ ಇಷ್ಟ, ಅದಕ್ಕೆ ತಕರಾರಿಲ್ಲ. ಗಾಡಿಗೆ ಕೈ ಮುಗಿಯೋರು ಮಾರನೇ ವಾರ ಅದೇ ಗಾಡಿಗೆ "ಆರುನೂರು ತಗೋ" ಅಂತಾರೆ, ಅದಕ್ಕೆ ತಕರಾರು.

ಅದೇ ಅಕ್ಟೋಬರ್ 1ರಿಂದ ಹೊಸದಾಗಿ ತಯಾರಾಗೋ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ ಆಗಿದೆ. ಡ್ರೈವರ್ ಅಣ್ಣಂದಿರಿಗೆ ಇಷ್ಟು ವರ್ಷ ಆದ್ಮೇಲಾದ್ರೂ ಬಂತಲ್ಲ, ನನಗೆ ನಿಜವಾಗ್ಲೂ ಖುಷಿ. ನಮಗೆ ಇನ್ನೊಂದು ಕೆಲಸ ಸೇರ್ತು ಅಷ್ಟೆ: ಏಸಿ ಕಂಡೆನ್ಸರ್‌ಗೂ ಗನ್ ದೂರ ಹಿಡೀಬೇಕು.

ಜೋಕ್ ಮಾಡಿದೋನಿಗೆ: ನಿನ್ನ ಹೆಸರು ನನಗೆ ಗೊತ್ತು, ಹಾಕಲ್ಲ. ನಿಮ್ಮಪ್ಪನ ಹನ್ನೆರಡು ಚಕ್ರದ ಗಾಡಿ ಹೋದ ತಿಂಗಳು ಬಂದಿತ್ತು. ಹಿಂದಿನ ಎಡಗಡೆ ಟೇಪ್ ಕಿತ್ತಿದೆ, ಡ್ರೈವರ್‌ಗೆ ಹೇಳಿದ್ದೆ, ಹಾಕ್ಸಿದ್ರಾ ಕೇಳು. ಎರಡು ನೂರು ಬಾಕಿಯೂ ಇದೆ.

ಕೊನೇ ಫೋಟೊ ಸರ್ವಿಸ್ ಸ್ಟೇಷನ್ ಗೋಡೆದು. ಹೋದ ಶನಿವಾರ ಸೀಮೆಸುಣ್ಣದಲ್ಲಿ ನಾನೇ ಬರೆದೆ. ಮೊದಲ ಸಾಲು: ಹತ್ತು ಚಕ್ರ, ಗ್ರೀಸಿಂಗ್ ಸೇರಿ 800, ಚೌಕಾಸಿ ಇಲ್ಲ. ಎರಡನೇ ಸಾಲು: ಟ್ಯಾಂಕರ್ ಒಳಗೆ ಇಳಿಯುವುದಿಲ್ಲ. ಯಜಮಾನ್ರು ನಿಂತು ಓದಿದ್ರು, ಏನೂ ಅನ್ಲಿಲ್ಲ. ಭಾನುವಾರ ಬೆಳಿಗ್ಗೆ ಹೋದಾಗ ಮೊದಲ ಸಾಲು ಹಂಗೇ ಇತ್ತು, ಎರಡನೇದನ್ನ ಯಾರೋ ಒದ್ದೆ ಬಟ್ಟೇಲಿ ಒರೆಸಿದ್ರು. ಮಾವ ಎಲ್ಲಿಂದಲೋ ಅರ್ಧ ಡಬ್ಬಿ ಕೆಂಪು ಪೇಂಟ್ ತಂದು ಕೈಗೆ ಕೊಟ್ರು. ಈಗ ನೋಡ್ತಿರೋದು ಪೇಂಟಲ್ಲಿ ಬರೆದಿದ್ದು.

#ವಾಟರ್‌ಸರ್ವಿಸ್ #ಹೈವೇ48 #ಲಾರಿತೊಳೆಯೋನು